ಸೊನ್ನೆ ವರ್ಷದವರು



ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಆಕೆ ಈಗ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಜನಗಣತಿಯ ಕೆಲಸ ತನ್ನ ಪಾಲಿಗೂ ಬರಬಹುದೆಂದು ತಿಳಿಸಿ, "ಸಾರ್, ನೀವು ಮೂರು ಸಲ ಈ ಕೆಲಸ ಮಾಡಿದವರು. ಅದರಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?" ಎಂದು ಕೇಳಿದಳು. ಹಾಲು ಕುಡಿಯುವ ಕೂಸುಗಳನ್ನು ಬರೆಯುವುದು ಎಂದೆ. ನಾನು ವಿನೋದಕ್ಕೆ ಹೇಳುತ್ತಿದ್ದೇನೆಂದು ತಿಳಿದು ಆಕೆ ನಕ್ಕಳು. ಓಡಿಹೋಗಲಾರದ, ಸುಳ್ಳು ಹೇಳಲಾರದ, ಇದ್ದಲ್ಲೇ ಮಲಗಿರುವ ಕೂಸನ್ನು ಎಣಿಸುವುದರಲ್ಲಿ ಏನು ಕಷ್ಟ ಎಂದು ಯಾರಿಗಾದರೂ ತೋರುವುದು ಸಹಜ. ದೂರವಾಣಿಯಲ್ಲಿ ಹೇಳಿ ಮುಗಿಸಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರು ಜನಗಣತಿಯನ್ನು 'ಖಾನೇಷುಮಾರಿ' ಎಂದು ಕರೆಯುತ್ತಿದ್ದರು. ಪಾರಸಿಯಿಂದ ಬಂದ ಈ ಮಾತಿನ ನೇರ ಅರ್ಥ ಮನೆಗಳ ಎಣಿಕೆ. ಮನೆಯನ್ನು ಎಣಿಸಿದರೆ ಮನೆಯೊಳಗಿನವರೆಲ್ಲ ಸಿಕ್ಕರೆಂದೇ ಭಾವನೆ. ಮೈಸೂರು ಸೀಮೆಯಲ್ಲಿ ಕ್ರಮವಾದ ಮೊದಲ ಗಣತಿ ನಡೆದದ್ದು 1871ರ ನವೆಂಬರಿನಲ್ಲಿ. ಆಗ ಸಿಕ್ಕ ಜನಸಂಖ್ಯೆ 50,55,412. ಇಡೀ ಹಿಂದೂಸ್ಥಾನದಲ್ಲಿ ಏಕಕಾಲಕ್ಕೆ ಎಣಿಕೆ ನಡೆದದ್ದು 1881ರ ಫೆಬ್ರವರಿ 17ರ ರಾತ್ರಿ. ಆ ಸಲ ಮೈಸೂರಿನ ಸಂಖ್ಯೆ 41,86,188ಕ್ಕೆ ಇಳಿದಿತ್ತು. ನಡುವೆ 1876ರಿಂದ 78ರವರೆಗಿನ ಭೀಕರ ಕ್ಷಾಮ ಬಂದುಹೋಗಿತ್ತು. ಆ ಗಣತಿಯ ವರದಿಯನ್ನು ಬರೆದವರು ನಮ್ಮ ಶಾಸನಗಳನ್ನು ಸಂಗ್ರಹಿಸಿಕೊಟ್ಟ ಬಿ. ಎಲ್. ರೈಸ್ ಅವರೇ.

ಆ ಕಾಲದ ಕ್ರಮ ಬೇರೆ. ಗಣತಿದಾರನು ಕೆಲವು ವಾರ ಮೊದಲೇ ಮನೆಮನೆಗೆ ಹೋಗಿ ಕಪ್ಪು ಮಸಿಯಲ್ಲಿ ಎಲ್ಲರನ್ನೂ ಬರೆದಿಟ್ಟುಕೊಳ್ಳುತ್ತಿದ್ದನು. ಗೊತ್ತಾದ ರಾತ್ರಿ ಮತ್ತೆ ಅದೇ ಮನೆಗಳಿಗೆ ಹೋಗಿ, ಸತ್ತವರನ್ನೂ ಊರು ಬಿಟ್ಟವರನ್ನೂ ಹೊಡೆದುಹಾಕಿ, ಹೊಸದಾಗಿ ಬಂದವರನ್ನೂ ಹುಟ್ಟಿದವರನ್ನೂ ಕೆಂಪು ಮಸಿಯಲ್ಲಿ ಸೇರಿಸುತ್ತಿದ್ದನು. ರಾತ್ರಿಯ ಓಡಾಟಕ್ಕೆ ಅನುಕೂಲವಾಗಲೆಂದು ಬೆಳದಿಂಗಳಿರುವ ದಿನವನ್ನು ಆರಿಸುತ್ತಿದ್ದರು. ಕೈಯಲ್ಲಿ ಲಾಟೀನು, ಕಂಕುಳಲ್ಲಿ ಪುಸ್ತಕ, ಎರಡು ಬಣ್ಣದ ಮಸಿ. ಆ ರಾತ್ರಿ ಸಂಜೆ ಹುಟ್ಟಿದ ಕೂಸಿಗೆ ಸರ್ಕಾರದ ಕಾಗದದಲ್ಲಿ ಸಿಗುತ್ತಿದ್ದ ಮೊದಲ ಗುರುತು ಒಂದು ಕೆಂಪು ಸಾಲು. ಹೆಸರಿಡದ ಕೂಸಿಗೆ ಹೆಸರಿನ ಕಾಲಮ್ಮಿನಲ್ಲಿ ಏನು ಬರೆಯಬೇಕು ಎಂಬುದು ಆಗಲೂ ತೊಡಕೇ. ವರ್ಷ ತುಂಬದ ಕೂಸಾದರೆ ವಯಸ್ಸಿನ ಜಾಗದಲ್ಲಿ ಅಂಕಿಯ ಬದಲು 'ಶಿಶು' ಎಂದು ಬರೆಯುವ ಪದ್ಧತಿ ಬಹಳ ಕಾಲ ಇತ್ತು.

ಹೀಗೆ ಬರೆದ ವಯಸ್ಸುಗಳ ಕೋಷ್ಟಕಗಳನ್ನು ಸರಿಪಡಿಸಲು ಸರ್ಕಾರದವರು ಜಿ. ಎಫ್. ಹಾರ್ಡಿ ಎಂಬ ವಿಮಾಗಣಿತಜ್ಞರನ್ನು ನೇಮಿಸಿಕೊಳ್ಳಬೇಕಾಯಿತು. ನಮ್ಮ ಜನ ತಮ್ಮ ವಯಸ್ಸನ್ನು ಮೂವತ್ತು, ನಲವತ್ತು, ಐವತ್ತು ಎಂದು ದುಂಡಗೆ ಹೇಳುವುದು ಎಲ್ಲರಿಗೂ ತಿಳಿದದ್ದೇ. ಆದರೆ ಮಕ್ಕಳ ಸಾಲಿನಲ್ಲೂ ಒಂದು ವಿಚಿತ್ರವಿತ್ತು. ಹಳೆಯ ಕೋಷ್ಟಕಗಳಲ್ಲಿ ಒಂದು ವರ್ಷದ ಮಕ್ಕಳ ಸಂಖ್ಯೆ ಎರಡು, ಮೂರು ವರ್ಷದ ಮಕ್ಕಳಿಗಿಂತ ಕಡಿಮೆ ಇರುತ್ತಿತ್ತು. ಕೂಸುಗಳ ಸಾವು ಅಷ್ಟು ಹೆಚ್ಚಾಗಿದ್ದ ಕಾಲದಲ್ಲಿ ಇದು ಹೀಗಿರಲು ಸಾಧ್ಯವೇ ಇಲ್ಲ. ಚಿಕ್ಕವರ ಸಂಖ್ಯೆ ಹೆಚ್ಚಾಗಿಯೇ ಇರಬೇಕು. ಒಂದು ತುಂಬಿ ಎರಡಕ್ಕೆ ಬಿದ್ದ ಮಗುವನ್ನು ತಾಯಿ 'ಎರಡು' ಎಂದೇ ಹೇಳುವಳು. ಇನ್ನು ಕೆಲವರನ್ನು ಯಾರೂ ಹೇಳುತ್ತಲೇ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. 1931ರ ಮೈಸೂರು ಸಂಸ್ಥಾನದ ಜನಗಣತಿಯನ್ನು ನಡೆಸಿ ವರದಿ ಬರೆದ ಅಧಿಕಾರಿಯ ಹೆಸರು ಎಂ. ವೆಂಕಟೇಶ ಅಯ್ಯಂಗಾರ್. ಅವರೇ ನಮ್ಮ ಮಾಸ್ತಿ. ಅವರ ಸಣ್ಣ ಕತೆಗಳನ್ನು ನನ್ನಿಂದ ಪಾಠ ಹೇಳಿಸಿಕೊಂಡವರೆಲ್ಲ ಈ ಸಂಗತಿಯನ್ನೂ ನೆನಪಿಟ್ಟುಕೊಳ್ಳಿರಿ. ಆ ವರ್ಷ ವಯಸ್ಸು ಬರೆಯುವ ಕ್ರಮವನ್ನು ದೇಶಕ್ಕೆಲ್ಲ ಬದಲಾಯಿಸಿದ್ದರು. ತುಂಬಿದ ವರ್ಷವನ್ನು ಬಿಟ್ಟು ಹತ್ತಿರದ ಹುಟ್ಟುಹಬ್ಬದ ವರ್ಷವನ್ನು ಬರೆಯಬೇಕಾಗಿತ್ತು. ಅಂದರೆ ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಸೊನ್ನೆ, ಅದನ್ನು ದಾಟಿದ್ದಕ್ಕೆ ಒಂದು. ಹಳ್ಳಿಯ ಗಣತಿದಾರನೂ ಹಳ್ಳಿಯ ತಾಯಿಯೂ ಕೂಡಿ ಈ ಲೆಕ್ಕವನ್ನು ಹೇಗೆ ಬಿಡಿಸಿದರೋ! ಸ್ವತಂತ್ರ ಭಾರತದ ಗಣತಿಗಳಲ್ಲಿ ತುಂಬಿದ ವರ್ಷವನ್ನು ಬರೆಯುವ ಕ್ರಮವೇ ನೆಲೆಗೊಂಡಿತು. ವರ್ಷ ತುಂಬದವರಿಗೆಲ್ಲ ಸೊನ್ನೆ.

ಇನ್ನು ನನ್ನ ಸ್ವಂತ ಪ್ರಕರಣ.

1981ರ ಗಣತಿಯಲ್ಲಿ ನಾನು ಮೊದಲ ಸಲ ಗಣತಿದಾರನಾದೆ. ಫೆಬ್ರವರಿ 9ರಿಂದ 28ರವರೆಗೆ ಮನೆಮನೆಗೆ ಹೋಗಿ ಬರೆಯುವುದು. ಮಾರ್ಚ್ 1ರ ಸೂರ್ಯೋದಯವೇ ಲೆಕ್ಕದ ಗಡಿ. ಅಲ್ಲಿಂದ 5ರವರೆಗೆ ಮತ್ತೊಂದು ಸುತ್ತು ಹೋಗಿ ಹುಟ್ಟು ಸಾವುಗಳನ್ನು ತಿದ್ದಿಕೊಳ್ಳುವುದು. ಒಬ್ಬೊಬ್ಬರಿಗೂ ಒಂದೊಂದು ಚೀಟಿ ತುಂಬಬೇಕು. ಬೆಳಿಗ್ಗೆ ಶಾಲೆಗೆ ಮೊದಲು, ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಕೆಲಸ. ದೀಪ ಹಚ್ಚುವ ಹೊತ್ತಿಗೆ ಕೈ ಸೋತು ಹೋಗುತ್ತಿತ್ತು. ಕೂಸಿನ ಚೀಟಿಯಲ್ಲಿ ಬರೆಯುವುದಾದರೂ ಏನು? ಹೆಸರಿಲ್ಲ, ಓದು ಬರಹವಿಲ್ಲ, ಉದ್ಯೋಗವಿಲ್ಲ. ವಯಸ್ಸು ಸೊನ್ನೆ. ಉಳಿದ ಕಾಲಮ್ಮುಗಳಿಗೆಲ್ಲ ಅಡ್ಡಗೆರೆ. ಅದನ್ನು ಬರೆಯುವಾಗ ವ್ಯರ್ಥ ಕೆಲಸ ಮಾಡುತ್ತಿರುವೆನೆಂಬ ಭಾವನೆ ನನಗೇ ಬರುತ್ತಿತ್ತೆಂದು ಒಪ್ಪಿಕೊಳ್ಳಬೇಕು.

ಆ ಊರಿನಲ್ಲಿ ಒಂದು ಮನೆಗೆ ಹೋದಾಗ ಜಗಲಿಯ ಮೇಲೆ ಕುಳಿತಿದ್ದ ಅಜ್ಜಿ, "ನಾವು ನಾಲ್ಕೇ ಜನ ಮೇಷ್ಟ್ರೇ" ಎಂದಳು. ಆಕೆ, ಆಕೆಯ ಯಜಮಾನ, ಮಗ, ಸೊಸೆ. ನಾಲ್ಕು ಚೀಟಿ ತುಂಬಿದೆ. ಒಳಗಿನಿಂದ ಸಾಂಬ್ರಾಣಿಯ ಹೊಗೆಯ ವಾಸನೆ ಬರುತ್ತಿತ್ತು. ಅದು ಪೂಜೆಯ ಹೊತ್ತಲ್ಲ. ಹಿತ್ತಲ ಕಡೆಯ ಹಗ್ಗದ ಮೇಲೆ ಹಳೆಯ ಸೀರೆಯ ತುಂಡುಗಳು ಒಣಗುತ್ತಿದ್ದವು. ಮಕ್ಕಳಿದ್ದ ಮನೆಯಿಂದ ಬಂದವನು ನಾನು, ನನಗೆ ಅರ್ಥವಾಗಬೇಕಿತ್ತು. ಬಾಣಂತಿಯ ಕೋಣೆಯ ಸಂಗತಿಯನ್ನು ಪರಗಂಡಸು ವಿಚಾರಿಸುವುದು ಹೇಗೆಂಬ ಸಂಕೋಚವೋ, ಆ ಬೀದಿಯಲ್ಲಿ ಇನ್ನೂ ಏಳೆಂಟು ಮನೆ ಉಳಿದಿದ್ದ ಅವಸರವೋ, ನಾನು ಕೇಳಲಿಲ್ಲ. ಮಾರ್ಚ್ ಮೊದಲ ವಾರದ ಸುತ್ತಿನಲ್ಲಿಯೂ "ಹೊಸದಾಗಿ ಯಾರಾದರೂ ಹುಟ್ಟಿದರೇ, ತೀರಿಹೋದರೇ?" ಎಂದು ಬೀದಿಯಲ್ಲಿ ನಿಂತೇ ಕೇಳಿದೆ. ಇಲ್ಲವೆಂದರು. ಅದು ನಿಜವೂ ಆಗಿತ್ತು. ಆ ಕೂಸು ಹುಟ್ಟಿದ್ದು ಜನವರಿಯಲ್ಲಿ.

1986ರ ಜೂನ್ ತಿಂಗಳಲ್ಲಿ ಅದೇ ಅಜ್ಜಿ ಒಂದು ಹೆಣ್ಣುಮಗುವಿನ ಕೈ ಹಿಡಿದುಕೊಂಡು ಶಾಲೆಗೆ ಬಂದಳು. ಮಗಳ ಮಗಳು. ಓದಲೆಂದು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ದಾಖಲಾತಿ ಪುಸ್ತಕ ತೆರೆದು ಹುಟ್ಟಿದ ತಾರೀಖು ಕೇಳಿದೆ. "ನೀವು ಜನ ಬರ್ಕೊಂಡು ಹೋಗಕ್ಕೆ ಬಂದಿದ್ರಲ್ಲ ಮೇಷ್ಟ್ರೇ, ಆ ವರ್ಷದ ಸಂಕ್ರಾಂತಿ ಮಾರ್ನೆ ದಿನ. ನಮ್ಮನೇಲೇ ಹೆರಿಗೆ ಆಗಿದ್ದು" ಎಂದಳು.

ನಾನು ಸ್ವಲ್ಪ ಹೊತ್ತು ಲೇಖನಿ ಹಿಡಿದುಕೊಂಡೇ ಕುಳಿತೆ. ಆಮೇಲೆ, "ಮತ್ತೆ ನಾನು ಬಂದಾಗ ನಾಲ್ಕೇ ಜನ ಅಂದಿರಲ್ಲಜ್ಜಿ?" ಎಂದೆ. "ಅವ್ಳು ಆ ಮನೆಯೋಳಲ್ವೇ? ಕೊಟ್ಟ ಹೆಣ್ಣು. ನಮ್ಮ ಲೆಕ್ಕಕ್ಕೆ ಹೆಂಗೆ ಬರ್ತಾಳೆ?" ಎಂದಳು. ಹಾಗಾದರೆ ಗಂಡನ ಮನೆಯಲ್ಲಿ ಬರೆಸಿರಬಹುದಲ್ಲ ಎಂದು ಕೇಳಿದೆ. "ಸೊಸೆ ಹೆಸ್ರು ಹೇಳಿರ್ತಾರೆ. ಕೂಸ್ನ ಅವರಿನ್ನೂ ಕಣ್ಣಲ್ಲೇ ಕಂಡಿರ್ಲಿಲ್ಲ" ಎಂದಳು. ಆಕೆಯ ಮಾತಿನಲ್ಲಿ ತಪ್ಪೊಪ್ಪಿಗೆಯೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದಳು.

ನಿಯಮ ಬಹಳ ಸ್ಪಷ್ಟವಾಗಿಯೇ ಇದೆ. ಎಣಿಕೆಯ ಆ ಇಪ್ಪತ್ತು ದಿನವೂ ಒಬ್ಬರು ತಮ್ಮ ಖಾಯಂ ಮನೆಯಲ್ಲಿ ಇಲ್ಲದಿದ್ದರೆ, ಅವರು ಎಲ್ಲಿ ಇದ್ದಾರೋ ಅಲ್ಲಿಯೇ ಅವರನ್ನು ಬರೆಯಬೇಕು. ತವರಿನಲ್ಲಿರುವ ಬಾಣಂತಿಯನ್ನೂ ಕೂಸನ್ನೂ ತವರಿನಲ್ಲಿ ಬರೆಯಬೇಕು. ಆದರೆ ನಮ್ಮ ನಾಡಿನ ಪದ್ಧತಿ ಈ ನಿಯಮವನ್ನು ಅರಿಯದು. ಮೊದಲ ಹೆರಿಗೆ ತವರಿನಲ್ಲಿ. ಮೂರನೆಯ ತಿಂಗಳೋ ಐದನೆಯ ತಿಂಗಳೋ ಗಂಡನ ಮನೆಗೆ. ಈ ನಡುವಣ ಕೂಸು ಯಾರ ಮನೆಯ ಲೆಕ್ಕಕ್ಕೂ ಸೇರುವುದಿಲ್ಲ. ಎಲ್ಲರ ಮುದ್ದಿನ ಕೂಸೇ ಎರಡು ಮನೆಯ ನಡುವೆ ಬಿಟ್ಟುಹೋಗುವುದು ಹೀಗೆ. ನಾನು ಬಲ್ಲಂತೆ ಕಾರಣಗಳು ಇನ್ನೂ ಇದ್ದವು. ಮಕ್ಕಳನ್ನು ಎಣಿಸಬಾರದು, ದೃಷ್ಟಿಯಾಗುವುದು ಎಂಬ ನಂಬಿಕೆ. ಹೆಸರಿಡುವ ಮುನ್ನ ಕೂಸನ್ನು ಬರೆಸುವುದು ಹೇಗೆಂಬ ಅನುಮಾನ. ತುರ್ತುಪರಿಸ್ಥಿತಿಯ ಕಾಲದ ಸಂತಾನಹರಣದ ಭಯ 1981ರಲ್ಲಿಯೂ ಹೋಗಿರಲಿಲ್ಲ. ನಾಲ್ಕನೆಯ, ಐದನೆಯ ಮಗುವಿದ್ದ ತಂದೆ ಕಾಗದ ಹಿಡಿದು ಬಂದವನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಕಬ್ಬು ಕಡಿಯಲು, ಇಟ್ಟಿಗೆ ಸುಡಲು ಬಂದು ಗುಡಾರ ಹಾಕಿಕೊಂಡವರ ಮಕ್ಕಳ ಮಾತು ಬೇರೆಯೇ. ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸಲು ಹೋದಾಗ ಕಂಬಳಿಯೊಳಗೆ ಮುದುರಿ ಮಲಗಿದವರಲ್ಲಿ ಎಷ್ಟು ತಲೆ ಎಂದು ಕಂಬಳಿ ಎತ್ತಿ ನೋಡುವುದಕ್ಕೆ ಯಾರಿಗೂ ಮನಸ್ಸಾಗದು.

ಒಂದು ಕೂಸು ಬಿಟ್ಟುಹೋದರೆ ಏನಾಯಿತು ಎಂದು ಕೇಳಬಹುದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ತಿ. ನರಸೀಪುರಕ್ಕೆ ದೊರೆಯಿತು. ಅಂಗನವಾಡಿಗಳನ್ನು ಕೊಟ್ಟದ್ದು ಜನಸಂಖ್ಯೆಯ ಆಧಾರದ ಮೇಲೆ, ಮೊದಮೊದಲು ಹಳ್ಳಿಗಾಡಿನಲ್ಲಿ ಸಾವಿರಕ್ಕೆ ಒಂದರಂತೆ. ಗಡಿಯಲ್ಲಿರುವ ಊರಿಗೆ ಹತ್ತು ಇಪ್ಪತ್ತು ತಲೆಯೂ ದೊಡ್ಡ ಮಾತು. ಆದರೆ ಇದಕ್ಕಿಂತ ಆಳವಾದ ಕಾರಣವೊಂದಿದೆ. ಬರೆಯದೆ ಬಿಟ್ಟ ಮಗುವೂ, ಸತ್ತ ಮಗುವೂ, ಹುಟ್ಟಲೇ ಇಲ್ಲದ ಮಗುವೂ ಕೋಷ್ಟಕದಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಮೈಸೂರಿನ ಕ್ಷಾಮದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದರಲ್ಲ, ಅದರಲ್ಲಿ ಹಸಿದು ಸತ್ತ ಮಕ್ಕಳೆಷ್ಟು, ಆ ಎರಡು ವರ್ಷ ಹುಟ್ಟದೇ ಹೋದವೆಷ್ಟು, ಹುಟ್ಟಿಯೂ ಬರೆಯಲ್ಪಡದವೆಷ್ಟು ಎಂದು ಬಿಡಿಸಿ ಹೇಳುವುದು ಇತಿಹಾಸದ ವಿದ್ಯಾರ್ಥಿಗೆ ಬಹಳ ಕಷ್ಟ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಉತ್ತರ ಹಿಂದೂಸ್ಥಾನದ ಕೆಲವೆಡೆ ಹೆಣ್ಣು ಶಿಶುಗಳ ಹತ್ಯೆ ತಡೆಯಲು 1870ರಲ್ಲಿಯೇ ಕಾಯಿದೆ ಬಂದಿತ್ತು. ಅನುಮಾನವಿದ್ದ ಹಳ್ಳಿಗಳಲ್ಲಿ ಮಕ್ಕಳನ್ನು ಪಟ್ಟಿಮಾಡುತ್ತಿದ್ದರು. ಆದರೂ ಗಣತಿಯಲ್ಲಿ ಹುಡುಗಿಯರು ಕಡಿಮೆ ಕಂಡಾಗಲೆಲ್ಲ, ಕೊಂದರೋ ಬಚ್ಚಿಟ್ಟರೋ ಎಂಬ ವಾದ ನಡೆಯುತ್ತಲೇ ಇತ್ತು. ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆ 1981ರಲ್ಲಿ 962 ಇದ್ದದ್ದು 1991ಕ್ಕೆ 945ಕ್ಕೆ ಇಳಿದಾಗಲೂ, ಇದು ಬರೆಯುವಾಗಿನ ಲೋಪವಿರಬಹುದೆಂದು ಹೇಳಿದವರಿದ್ದರು. 2001ರಲ್ಲಿ 927, 2011ರಲ್ಲಿ 918. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿ ಬಂದು, 2003ರಲ್ಲಿ ಬಿಗಿಯಾಯಿತು. ಆ ಚರ್ಚೆಗಳನ್ನು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಸಾಂಬ್ರಾಣಿಯ ವಾಸನೆ ಬಂದಂತಾಗುತ್ತಿತ್ತು. ನಾನು ಬಿಟ್ಟದ್ದೂ ಒಂದು ಹೆಣ್ಣುಕೂಸನ್ನೇ. ಕೋಷ್ಟಕದ ಪಾಲಿಗೆ ಆಕೆ, ಕೊಲ್ಲಲ್ಪಟ್ಟವರ ಸಾಲಿನಲ್ಲಿ ನಿಂತುಬಿಟ್ಟಿದ್ದಳು.

1991ರಲ್ಲಿ ನನ್ನನ್ನು ಮೇಲ್ವಿಚಾರಕನನ್ನಾಗಿ ಮಾಡಿದರು. ನನ್ನ ಕೈಕೆಳಗಿನ ಗಣತಿದಾರರಿಗೆ ನಾನು ಒಂದೇ ಮಾತನ್ನು ಒತ್ತಿ ಹೇಳಿದೆ. ಎಷ್ಟು ಜನ ಎಂದು ಕೇಳಿ ಎದ್ದು ಬರಬೇಡಿರಿ. ತೊಟ್ಟಿಲು ಕಟ್ಟಿದ್ದೀರಾ ಎಂದು ಕೇಳಿರಿ. ಮಗಳು ತವರಿಗೆ ಬಂದಿದ್ದಾಳೆಯೇ ಎಂದು ಕೇಳಿರಿ. ಗಂಡಸರಿಗೆ ಸಂಕೋಚವಾದರೆ ಊರ ಸೂಲಗಿತ್ತಿಯನ್ನು ಕರೆದುಕೊಳ್ಳಿರಿ. ಒಂದು ಊರಿನ ಸೂಲಗಿತ್ತಿ, ಅಕ್ಷರ ಬಾರದವಳು, ದೀಪಾವಳಿಯಿಂದ ಈಚೆಗೆ ತಾನು ಹೆರಿಗೆ ಮಾಡಿಸಿದ ಮನೆಗಳನ್ನು ಬೆರಳ ಗೆಣ್ಣಿನ ಮೇಲೆ ಒಂದೊಂದಾಗಿ ಎಣಿಸಿ ಹೇಳಿದಳು. ಬರೆದ ಕಾಗದಗಳೊಡನೆ ತಾಳೆ ನೋಡಿದೆವು. ಮೂರು ಕೂಸುಗಳು ಇರಲಿಲ್ಲ. ಮೂರೂ ತವರಿಗೆ ಬಂದವರ ಮಕ್ಕಳು. ಗಣತಿದಾರ ಸೋಮಾರಿಯಲ್ಲ, ಬಹಳ ಶ್ರದ್ಧೆಯ ಹುಡುಗ.

ಅದೇ ವರ್ಷ ಮಾರ್ಚ್ 1ರ ಬೆಳಗಿನ ಜಾವ ಹುಟ್ಟಿದ ಕೂಸೊಂದರ ಪಂಚಾಯಿತಿಯೂ ನನ್ನ ಮುಂದೆ ಬಂತು. ಸೂರ್ಯೋದಯಕ್ಕೆ ಮೊದಲು ಹುಟ್ಟಿದ್ದರೆ ಬರೆಯಬೇಕು, ಆಮೇಲಾದರೆ ಬರೆಯಬಾರದು. ಮನೆಯಲ್ಲಿ ಗಡಿಯಾರವಿರಲಿಲ್ಲ. "ಕೋಳಿ ಕೂಗಿತ್ತು, ಹಾಲು ಕರೆಯೋ ಹೊತ್ತಾಗಿರ್ಲಿಲ್ಲ" ಎಂದು ಕೂಸಿನ ಅಜ್ಜಿ ಸಾಕ್ಷಿ ನುಡಿದಳು. ಬರೆಸಿದೆ. ಹೆಸರಿನ ಜಾಗದಲ್ಲಿ ಇಂಥವಳ ಮಗು ಎಂದು ತಾಯಿಯ ಹೆಸರು, ವಯಸ್ಸು ಸೊನ್ನೆ. ದೇಶದ ಕೋಟಿ ಕೋಟಿ ಜನರಲ್ಲಿ ಅತ್ಯಂತ ಚಿಕ್ಕವರಲ್ಲಿ ಒಬ್ಬ ಅವನು.

ಗಣತಿಯಾದ ಮೇಲೆ ಆಯ್ದ ಕೆಲವು ಪ್ರದೇಶಗಳಲ್ಲಿ ಮತ್ತೆ ಎಣಿಸಿ ಎಷ್ಟು ಜನ ಬಿಟ್ಟುಹೋದರೆಂದು ನೋಡುವ ಪದ್ಧತಿ 1951ರಿಂದ ಇದೆ. 1961ರಲ್ಲಿ ಸಾವಿರಕ್ಕೆ 7 ಇದ್ದ ಈ ಲೋಪ 1981ರಲ್ಲಿ 18 ಆಯಿತು. 2001 ಮತ್ತು 2011ರಲ್ಲಿ 23. ನೂರಿಪ್ಪತ್ತೊಂದು ಕೋಟಿಯಲ್ಲಿ ಇದು ಸುಮಾರು ಎರಡೂಮುಕ್ಕಾಲು ಕೋಟಿಯಷ್ಟಾಗುತ್ತದೆ. ಹೀಗೆ ಬಿಟ್ಟುಹೋಗುವವರಲ್ಲಿ ಪುಟ್ಟ ಮಕ್ಕಳ ಪಾಲು ದೊಡ್ಡದೆಂಬುದು ಜನಸಂಖ್ಯಾಶಾಸ್ತ್ರಜ್ಞರು ಹಿಂದಿನಿಂದ ಹೇಳುತ್ತ ಬಂದಿರುವ ಮಾತು.

2011ರ ಅಂಕಿಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದಿದೆ. ಮಾರ್ಚ್ ಕೊನೆಯಲ್ಲಿ ಪ್ರಕಟವಾದ ತಾತ್ಕಾಲಿಕ ಲೆಕ್ಕದಲ್ಲಿ ಆರು ವರ್ಷದವರೆಗಿನ ಮಕ್ಕಳ ಸಂಖ್ಯೆ 15 ಕೋಟಿ 88 ಲಕ್ಷ. 2013ರಲ್ಲಿ ಅಂತಿಮ ಲೆಕ್ಕ ಬಂದಾಗ ಅದು 16 ಕೋಟಿ 45 ಲಕ್ಷ. ದೇಶದ ಒಟ್ಟು ಜನಸಂಖ್ಯೆಯಲ್ಲಿ ಆದ ಬದಲಾವಣೆ ಕೆಲವೇ ಲಕ್ಷ. ಮಕ್ಕಳ ಸಾಲಿನಲ್ಲಿ ಮಾತ್ರ 57 ಲಕ್ಷದಷ್ಟು ಹೆಚ್ಚಾಯಿತು. ತಾತ್ಕಾಲಿಕ ಲೆಕ್ಕವೆಂದರೆ ಗಣತಿದಾರರು ತಾವೇ ಕೈಯಿಂದ ಕೂಡಿಸಿ ಕೊಡುವ ಸಾರಾಂಶ. ಅಂತಿಮದ್ದು ಎಲ್ಲ ನಮೂನೆಗಳನ್ನೂ ಯಂತ್ರದಿಂದ ಓದಿಸಿ ತೆಗೆದದ್ದು. ಅಂದರೆ ಆ ಮಕ್ಕಳನ್ನು ಬರೆದಿದ್ದರು, ಒಟ್ಟಿನಲ್ಲಿ ಅವರಿದ್ದರು. ಮಕ್ಕಳೆಂದು ಆರಿಸಿ ಎಣಿಸುವಾಗ ಕೈ ತಪ್ಪಿದರು. ರಾತ್ರಿ ಹನ್ನೊಂದರ ಮೇಲೆ ದೀಪದ ಕೆಳಗೆ ಕುಳಿತು ನೂರಾರು ಸಾಲುಗಳಲ್ಲಿ ಆರರೊಳಗಿನ ಅಂಕಿಗಳನ್ನು ಹುಡುಕಿ ಕೂಡಿಸಿದ ಅನುಭವವಿರುವ ನನಗೆ ಇದರಲ್ಲಿ ಆಶ್ಚರ್ಯ ಸ್ವಲ್ಪ ಕಡಿಮೆಯೇ. ಈ ವಯಸ್ಸಿನವರನ್ನು ಬೇರೆಯಾಗಿ ಕೂಡಿಸುವುದು ಅಗತ್ಯವಾದದ್ದು, ಏಳು ಮತ್ತು ಮೇಲಿನವರ ಮೇಲೆ ಸಾಕ್ಷರತೆಯನ್ನು ಲೆಕ್ಕ ಹಾಕುವ ಕ್ರಮ 1991ರಲ್ಲಿ ಬಂದುದರಿಂದ. ಚಿಕ್ಕವರನ್ನು ಕಳೆಯುವುದಕ್ಕಾಗಿ ಎಣಿಸಿದ್ದು ಎಂದರೂ ಸಲ್ಲುತ್ತದೆ.

ಇದು ನಮ್ಮ ಅಜ್ಜಿಯರ ದೋಷವೊಂದೇ ಎಂದು ತಿಳಿಯಬೇಡಿರಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹುಡುಗರಿಗಾಗಿ ಹೇಳುತ್ತೇನೆ. ಅಲ್ಲಿ 2010ರ ಗಣತಿಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 4.6ರಷ್ಟು, ಅಂದರೆ ಸುಮಾರು ಹತ್ತು ಲಕ್ಷ, ನಿವ್ವಳವಾಗಿ ಲೆಕ್ಕಕ್ಕೆ ಸಿಗಲಿಲ್ಲವೆಂದು ಅಲ್ಲಿನ ಗಣತಿ ಇಲಾಖೆಯೇ ಅಂದಾಜು ಮಾಡಿತು. 2020ರಲ್ಲಿ ಅದು ಇನ್ನೂ ಹೆಚ್ಚಿತು. ಅಜ್ಜಿಯ ಮನೆಯಲ್ಲಿರುವ ಮಕ್ಕಳು, ಬೇರೆಯಾದ ತಂದೆತಾಯಿಗಳ ನಡುವೆ ಓಡಾಡುವ ಮಕ್ಕಳು. ಊರು ಬೇರೆ, ಕತೆ ಅದೇ.

ನಮ್ಮಲ್ಲಿ 2021ರ ಗಣತಿ ಕೋವಿಡ್ ನಿಮಿತ್ತ ಮುಂದೆ ಹೋಯಿತು. ಮುಂದಿನದಕ್ಕೆ 2027ರ ಮಾರ್ಚ್ 1ರ ಸೊನ್ನೆ ಗಂಟೆಯನ್ನು ಗಡಿಯಾಗಿ ಗೊತ್ತುಮಾಡಿದ್ದಾರೆ. ಚೀಟಿಯಿಲ್ಲ, ಕಾಗದವಿಲ್ಲ, ಮೊಬೈಲಿನಲ್ಲಿ ಬರೆಯುವುದು. ಮನೆಯವರೇ ಜಾಲತಾಣದಲ್ಲಿ ತುಂಬಿಕೊಳ್ಳುವ ಅವಕಾಶವೂ ಉಂಟು. ಯಂತ್ರ ಕೂಡಿಸುವುದರಲ್ಲಿ ತಪ್ಪು ಮಾಡದು. ಆದರೆ ಸಾಂಬ್ರಾಣಿಯ ವಾಸನೆ ಅದಕ್ಕೆ ತಿಳಿಯದು.

ಆ ಹುಡುಗಿ ನನ್ನ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದಳು, ಲೆಕ್ಕದಲ್ಲಿ ಚುರುಕು. 1991ರ ಫೆಬ್ರವರಿಯಲ್ಲಿ ಆಕೆಗೆ ಹತ್ತು ತುಂಬಿತ್ತು. ಆ ಮನೆಯ ಚೀಟಿಗಳನ್ನು ಪರಿಶೀಲನೆಗೆಂದು ನಾನೇ ತೆಗೆದು ನೋಡಿದೆ. ಐದು ಚೀಟಿಗಳಿದ್ದವು. ಅಜ್ಜಿಗೆ ಮಾತ್ರ ಇದೆಲ್ಲ ಏನೂ ಅನ್ನಿಸಿರಲಿಲ್ಲ. ನಾನು ಆ ಬೀದಿಯಲ್ಲಿ ಹೋದಾಗಲೆಲ್ಲ, "ಈ ಸಲ ಎಷ್ಟು ಜನ ಅಂತ ಸರ್ಯಾಗಿ ಬರ್ಕೊಂಡ್ರಾ ಮೇಷ್ಟ್ರೇ?" ಎಂದು ಕೇಳಿ ನಗುತ್ತಿದ್ದಳು.